ಒಂದು ಗಾಡಿಯ ಹಿಂದೆ ಒಂದೇ ಗಾಡಿ

ಮೂವತ್ತೈದು ತುಂಬುವ ಮೊದಲೇ ನಿವೃತ್ತಳಾದೆ ಎಂದರೆ ಜನ ನಗುತ್ತಾರೆ. ನಗಲಿ. ಭಾರ ಎತ್ತಬಾರದು, ಹೆಚ್ಚು ಹೊತ್ತು ಗಾಡಿಯಲ್ಲಿ ಕೂರಬಾರದು ಎಂದು ಡಾಕ್ಟರು ಹೇಳಿದರು. ನನ್ನ ಕೆಲಸದಲ್ಲಿ ಇದ್ದದ್ದೇ ಆ ಎರಡು. ನನ್ನ ಬೆನ್ನಿನ ಬಗ್ಗೆ ಇಷ್ಟು ಸಾಕು. ಇನ್ನು ಮುಂದೆ ಬರೆಯುವುದೆಲ್ಲ ಕೆಲಸದ ಬಗ್ಗೆ.

ನನ್ನ ಜಾಗ ಇನ್ನೂ ಖಾಲಿ ಇದೆ. ಒಂದಲ್ಲ ಒಂದು ದಿನ ಅಲ್ಲಿಗೆ ಯಾರಾದರೂ ಬರುತ್ತಾರೆ, ಹುಡುಗಿಯೇ ಬರಬಹುದು. ಅವರು ಬರುವ ಮೊದಲೇ ಊರವರೆಲ್ಲ ಸೇರಿ ಆ ಕೆಲಸ ಎಂದರೆ ಏನೆಂದು ಹೇಳಿಕೊಟ್ಟುಬಿಡುತ್ತಾರೆ. ಅದಕ್ಕಿಂತ ಮುಂಚೆ ನಾನು ಹೇಳಬೇಕು.

ಪುತ್ತೂರು ಪೇಟೆ ದಾಟಿದ ಮೇಲೆ ಸಿಗುವ ಒಂದು ಶೆಡ್ಡು ನಮ್ಮ ಸಂಸ್ಥೆ. ಅದರ ಧಣಿ ಪದ್ಮನಾಭಣ್ಣ. ತೋಟ, ಅಡಿಕೆ ವ್ಯಾಪಾರ ಎರಡೂ ಇದ್ದವರು. ಹೊಸತೊಂದು ಮಾಡಬೇಕೆಂದು ಕ್ಯಾಂಪರ್ ತಂದರು. ಕ್ಯಾಂಪರ್ ಎಂದರೆ ಚಕ್ರದ ಮೇಲೆ ಕೂತ ಪುಟ್ಟ ಮನೆ. ಹಾಸಿಗೆ, ಒಲೆ, ಶೌಚಾಲಯ ಎಲ್ಲ ಉಂಟು, ಎಂಜಿನ್ ಮಾತ್ರ ಇಲ್ಲ. ಪಿಕಪ್ಪಿನ ಹಿಂದೆ ಸಿಕ್ಕಿಸಿ ಎಳೆಯಬೇಕು. ಅದರ ಜೊತೆಗೆ ಗುಡ್ಡದಲ್ಲಿ ಮಣ್ಣು ಹಾರಿಸುತ್ತ ಓಡುವ, ದಪ್ಪ ಚಕ್ರದ ಎಟಿವಿಗಳು. ಅವನ್ನು ರಸ್ತೆಯಲ್ಲಿ ಓಡಿಸುವ ಹಾಗಿಲ್ಲ. ಇನ್ನೊಂದು ಟ್ರೈಲರಿನಲ್ಲಿ ಹೇರಿಕೊಂಡು ಹೋಗಬೇಕು. ಮದುವೆ ಮನೆಯವರು ಬೀಗರನ್ನು ಮಲಗಿಸಲಿಕ್ಕೆ ಕ್ಯಾಂಪರ್ ಕೇಳುತ್ತಾರೆ. ಜೀಪು ಹುಚ್ಚಿನವರು ರಬ್ಬರ್ ತೋಟಗಳಲ್ಲಿ ಕೆಸರಾಟ ಇಟ್ಟುಕೊಂಡಾಗ ಎರಡನ್ನೂ ಕೇಳುತ್ತಾರೆ. ಅವನ್ನು ಕಾನೂನಿನ ಪ್ರಕಾರ, ಯಾರ ಮೈಮೇಲೂ ಹೋಗದ ಹಾಗೆ, ಹೇಳಿದ ಜಾಗಕ್ಕೆ ಮುಟ್ಟಿಸಿ ಹಿಂದೆ ತರುವುದು ನನ್ನ ಕೆಲಸ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವಳು ಅದನ್ನೇಕೆ ಆರಿಸಿಕೊಂಡೆ ಎಂದು ಕೇಳಿದವರಿಗೆ ನಾನು ಆಗಲೂ ಉತ್ತರ ಕೊಡಲಿಲ್ಲ.

ಮೊದಲ ಪಾಠ ಜಾಲ್ಸೂರಿನಲ್ಲಿ ಆಯಿತು. ಸೇರಿದ ಹೊಸತು. ಎಟಿವಿ ಟ್ರೈಲರಿಗೆ ನೋಂದಣಿ ಆಗಿದೆಯೇ ಎಂದು ಕೇಳಿದ್ದಕ್ಕೆ ಪದ್ಮನಾಭಣ್ಣ "ನಂಬರ್ ಆಗಿದೆ ಮಾರಾಯ್ತಿ" ಎಂದಿದ್ದರು. ಹಿಂದೆ ನಂಬರು ಇತ್ತು ಕೂಡ. ಕಾಸರಗೋಡಿನ ರಸ್ತೆ ಕವಲೊಡೆಯುವಲ್ಲಿ ಮೋಟಾರು ವಾಹನ ಇನ್ಸ್‌ಪೆಕ್ಟರು ಕೈ ಅಡ್ಡ ಮಾಡಿದರು. ಪಿಕಪ್ಪಿನ ಮುಂದಿನ ನಂಬರು ಓದಿದರು. ನಡೆದು ಹಿಂದೆ ಹೋಗಿ ಟ್ರೈಲರಿನದ್ದು ಓದಿದರು. ಮತ್ತೆ ಮುಂದೆ ಬಂದರು.

"ಎಂತ ಇದು, ಅವಳಿ ಮಕ್ಕಳಾ?" ಎಂದು ಕೇಳಿದರು.

ಪಿಕಪ್ಪಿನ ನಂಬರನ್ನೇ ಟ್ರೈಲರಿಗೂ ಪೇಂಟು ಹೊಡೆಸಿದ್ದರು ನಮ್ಮ ಧಣಿ. ಟ್ರೈಲರ್ ಎಂದರೆ ಅದೂ ಒಂದು ವಾಹನ. ಅದಕ್ಕೆ ಅದರದೇ ನೋಂದಣಿ, ಅದರದೇ ನಂಬರು, ಅದರದೇ ದೀಪ ಬೇಕು. ಫೋನಿನಲ್ಲಿ ಪದ್ಮನಾಭಣ್ಣ, "ಟಿಲ್ಲರಿನ ಟ್ರೈಲರಿಗೆ ಯಾರು ನಂಬರ್ ಕೇಳ್ತಾರೆ? ಅವರಿಗೆ ಫೋನ್ ಕೊಡು, ನಾನು ಮಾತಾಡ್ತೇನೆ" ಎಂದರು. ಇನ್ಸ್‌ಪೆಕ್ಟರು ಫೋನು ಮುಟ್ಟಲಿಲ್ಲ. ಪಿಕಪ್ಪಿನ ಕಿಟಕಿಗೆ ಕೈ ಚಾಚಿದರು. "ಡ್ರೈವರ್ ಯಾರು? ನೀವಾ? ಲೈಸೆನ್ಸ್ ಕೊಡಿ."

ಡ್ರೈವರ್ ಕುಶಾಲಪ್ಪ. ಸುಳ್ಯದ ಕಡೆಯವರು, ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವರು, ಗದ್ದೆ ಉಳುವ ಟಿಲ್ಲರಿನಿಂದ ಹಿಡಿದು ಲಾರಿಯವರೆಗೆ ಎಲ್ಲ ಓಡಿಸಿದವರು. ಆ ಲೈಸೆನ್ಸನ್ನು ಅವರು ಅಂಗಿಯ ಒಳಕಿಸೆಯಿಂದ ತೆಗೆದುಕೊಟ್ಟ ರೀತಿ ನನಗೆ ಮರೆಯುವುದಿಲ್ಲ. ಮೈಯಿಂದ ಚರ್ಮ ಬಿಡಿಸಿ ಕೊಟ್ಟ ಹಾಗಿತ್ತು. ಪೇಂಟು ಹೊಡೆಸಿದವರು ಶೆಡ್ಡಿನಲ್ಲಿ ಕೂತಿದ್ದರು; ಹೆಸರು ಬರೆಸಿಕೊಂಡದ್ದು ಕುಶಾಲಪ್ಪ.

ಶೆಡ್ಡಿಗೆ ಹಿಂದೆ ಬಂದವಳೇ ನಾನು ಕೆಲಸ ಬಿಡುತ್ತೇನೆ ಎಂದೆ. ಪದ್ಮನಾಭಣ್ಣ ಹೇಳಿದರು: "ಬಿಡುದು ಬೇಡ. ಇನ್ನು ನೀನು ಬೇಡ ಅಂದ್ರೆ ಗಾಡಿ ಹೊರಡುದಿಲ್ಲ. ಸಾಕಾ?"

"ಸಾಕು" ಎಂದೆ. ಸಂಬಳ, ಹುದ್ದೆಯ ಹೆಸರು ಇವೆಲ್ಲ ಆಮೇಲೆ ಬದಲಾದವು. ಅವನ್ನು ಬರೆಯುವುದಿಲ್ಲ. ನನಗೆ ಆ ಕೆಲಸದಲ್ಲಿ ಸಿಕ್ಕಿದ ಸ್ವತ್ತು ಎಂದರೆ ಆ ಒಂದು ಮಾತು. ಮುಂದೆ ಬರುವವರು ಅದನ್ನು ಮೊದಲ ದಿನವೇ ಬಾಯಿಬಿಟ್ಟು ಕೇಳಿ ಪಡೆಯಬೇಕು. ಅದಿಲ್ಲದಿದ್ದರೆ ನೀವು ಗಾಡಿಯ ಜೊತೆ ಹೋಗುವ ಇನ್ನೊಂದು ಸಾಮಾನು ಅಷ್ಟೇ.

ಆ ಮಾತನ್ನು ನಾನು ಮೊದಲು ಬಳಸಿದ್ದು ಕುಶಾಲಪ್ಪನ ಮೇಲೆಯೇ. ನಮ್ಮ ಕಡೆ ಟ್ರೈಲರ್ ಹೇರುವುದನ್ನು ಎಲ್ಲರೂ ಟಿಲ್ಲರಿನಲ್ಲಿ ಕಲಿತವರು. ಹೇರಿದ ಮೇಲೆ ಟ್ರೈಲರಿನ ಮುಂದಿನ ಮೂತಿಯನ್ನು ಒಂದು ಕೈಯಲ್ಲಿ ಎತ್ತಿ ಸಿಕ್ಕಿಸಲು ಬಂದರೆ ಅದು ಒಳ್ಳೆ ಲೋಡು. ಅದಕ್ಕಾಗಿ ಭಾರವನ್ನೆಲ್ಲ ಹಿಂದಕ್ಕೆ ತಳ್ಳುತ್ತಾರೆ. ಟಿಲ್ಲರಿನ ವೇಗದಲ್ಲಿ ಅದು ನಡೆಯುತ್ತದೆ. ಪಿಕಪ್ಪಿನ ಹಿಂದೆ, ಇಳಿಜಾರಿನಲ್ಲಿ, ಬಾಲ ಭಾರವಾದ ಕ್ಯಾಂಪರ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಸಲು ಶುರುಮಾಡುತ್ತದೆ. ಮೂತಿ ಹಗುರವಾದಷ್ಟೂ ಬಾಲ ಹೆಚ್ಚು ಬೀಸುತ್ತದೆ. ಕೊನೆಗೆ ಅದೇ ಪಿಕಪ್ಪನ್ನು ಎಳೆದುಕೊಂಡು ಹೋಗುತ್ತದೆ. ಒಟ್ಟು ತೂಕದ ಹತ್ತರಲ್ಲಿ ಒಂದು ಪಾಲಾದರೂ ಮೂತಿಯ ಮೇಲೆ ಕೂರಬೇಕು.

"ನೋಡಿ ಮೇಡಂ, ಹೂವಿನ ಹಾಗೆ ಏಳ್ತದೆ" ಎಂದು ಕುಶಾಲಪ್ಪ ಮೂತಿ ಎತ್ತಿ ತೋರಿಸಿದರು.

"ಹಾಗಾದರೆ ಹೊರಡುವುದಿಲ್ಲ. ಪುನಃ ಹೇರಬೇಕು."

"ಎತ್ತಲಿಕ್ಕೆ ಬರ್ತದೆ ಅಂತ ಬೇಡವಾ?"

"ಎತ್ತಲಿಕ್ಕೆ ಬರ್ತದೆ ಅಂತಲೇ ಬೇಡ."

ಮೂತಿ ತೂಗಲು ನಮ್ಮಲ್ಲಿ ಸಾಧನ ಇರಲಿಲ್ಲ. ಶೆಡ್ಡಿನ ಮೂಲೆಯಲ್ಲಿ ಅಡಿಕೆ ಮೂಟೆ ತೂಗುವ ಯಂತ್ರ ಇತ್ತು. ಅದನ್ನು ಎಳೆತಂದು ಕ್ಯಾಂಪರಿನ ಮೂತಿಯ ಕೆಳಗೆ ಇಟ್ಟೆ. ಆವತ್ತಿನಿಂದ ನಾನು ಬಿಡುವವರೆಗೆ ಪ್ರತಿ ಲೋಡಿಗೂ ಅದೇ ಕ್ರಮ. ಅಡಿಕೆ ತರುವವರು ಸಾಲಿನಲ್ಲಿ ಕಾಯಬೇಕಾಗಿ ಬಂದು, "ಇದರ ರೇಟೆಷ್ಟು, ಹೊಸದಾ ಹಳತಾ?" ಎಂದು ಅಡಿಕೆಗೆ ಕೇಳುವ ಹಾಗೆ ಕ್ಯಾಂಪರಿನ ಕಡೆ ಕೈ ತೋರಿಸಿ ನಗುತ್ತಿದ್ದರು. ನಾನು ತೂಕ ನೋಡಿ ಮುಗಿಸಿದ ಮೇಲೆಯೇ ಯಂತ್ರ ಬಿಟ್ಟುಕೊಡುತ್ತಿದ್ದೆ.

ಆದರೆ ತೂಗಿ ಕಳಿಸಿದ ಗಾಡಿ ತೂಗಿದ ಹಾಗೆಯೇ ಹಿಂದೆ ಬರುವುದಿಲ್ಲ ಎಂದು ತಿಳಿದದ್ದು ಈಶ್ವರಮಂಗಲದಲ್ಲಿ. ಮದುವೆ ಮುಗಿದ ಮನೆಯಿಂದ ಕ್ಯಾಂಪರ್ ತರಲು ಹೋಗಿದ್ದೆವು. ಬೀಗರನ್ನು ದಾರಿಯಲ್ಲಿ ಅವರ ಮನೆಗೆ ಬಿಡುವ ಒಪ್ಪಂದವೂ ಇತ್ತು. ಬಾಗಿಲು ತೆರೆದರೆ ಒಳಗೆ ಹಾಸಿಗೆಯಲ್ಲಿ ಒಬ್ಬರು ಅಜ್ಜಿ, ಹುಡುಗನ ಕಡೆಯವರು, ಶಾಲು ಹೊದ್ದು ಮಲಗಿದ್ದಾರೆ.

"ಅಜ್ಜಿ, ಇಳಿಯಬೇಕು. ಗಾಡಿ ಹೊರಡುವಾಗ ಒಳಗೆ ಯಾರೂ ಇರಬಾರದು."

"ಹಾಸಿಗೆ ಉಂಟು, ಫ್ಯಾನ್ ಉಂಟು. ಮತ್ತೆಂತಕ್ಕೆ ಮುಂದೆ ಕೂತು ಸೊಂಟ ಮುರ್ಕೊಳ್ಳುದು? ನೀನು ಹೋಗು, ನಾನು ಮಲಗಿಯೇ ಬರ್ತೇನೆ."

"ನೀವು ಇಳಿಯುವವರೆಗೆ ನಾನೂ ಇಲ್ಲೇ ಕೂರುತ್ತೇನೆ" ಎಂದು ಮೆಟ್ಟಿಲಿನ ಮೇಲೆ ಕೂತೆ. ಮನೆಯವರು ಬಂದು ಹೇಳಿದರು, ಬೀಗರು ಬಂದು ಹೇಳಿದರು. ಬಡಿಸಿದ ಪಾಯಸವನ್ನು ಮೆಟ್ಟಿಲಲ್ಲೇ ಕುಡಿದೆ. ಕೊನೆಗೆ ಅಜ್ಜಿ ಎದ್ದರು. "ಪೊಲೀಸಿಗಿಂತ ಜೋರು ಉಂಟು ಇವಳು. ಮದುವೆ ಆಗಿದಾ?" ಎಂದು ಕುಶಾಲಪ್ಪನನ್ನು ಕೇಳಿದರು. ಕುಶಾಲಪ್ಪ ಆಕಾಶ ನೋಡಿದರು.

ಅಜ್ಜಿಯನ್ನು ಗೆದ್ದು ಮುಂದೆ ಕೂರಿಸಿಕೊಂಡ ಸಂತೋಷದಲ್ಲಿ ನಾವು ಹೊರಟೆವು. ಕಾವು ತಲುಪುವ ಮೊದಲಿನ ಇಳಿಜಾರಿನಲ್ಲಿ ಕ್ಯಾಂಪರ್ ಬಾಲ ಬೀಸಿತು. ಕುಶಾಲಪ್ಪ ಬ್ರೇಕಿಗೆ ಕಾಲು ಒತ್ತಲು ಹೋದಾಗ, "ಒತ್ತಬೇಡಿ! ಸ್ಟೇರಿಂಗ್ ನೇರ ಹಿಡಿಯಿರಿ, ಆಕ್ಸಿಲರೇಟರ್ ಬಿಡಿ" ಎಂದು ಕೂಗಿದೆ. ಜೋರಾಗಿ ಬ್ರೇಕ್ ಹಾಕಿದರೆ ಹಿಂದಿನದು ಮುಂದಕ್ಕೆ ಮಡಚಿಕೊಳ್ಳುತ್ತದೆ. ವೇಗ ತಾನಾಗಿ ಇಳಿಯುತ್ತ ಬಂದು ಬೀಸುವುದು ನಿಂತಿತು. ಬದಿಗೆ ನಿಲ್ಲಿಸಿ ಹಿಂದಿನ ಕಪಾಟು ತೆರೆದೆ. ಹಲಸಿನ ಹಣ್ಣು, ಎರಡು ಗೊನೆ ಬಾಳೆ, ಕಪಾಟು ತುಂಬ ಸೀಯಾಳ! ನಮ್ಮನ್ನು ಬರಿಗೈಯಲ್ಲಿ ಕಳಿಸಬಾರದೆಂದು ಮನೆಯವರು ನಾನು ಮೆಟ್ಟಿಲಲ್ಲಿ ಕೂತಿದ್ದಾಗಲೇ ಹಿಂದಿನಿಂದ ತುಂಬಿಸಿದ್ದರು. ಜೊತೆಗೆ ಹಿಂದಿನ ನೀರಿನ ಟ್ಯಾಂಕಿಯನ್ನೂ ಕಂಠಮಟ್ಟ.

ನಮ್ಮ ಊರಿನಲ್ಲಿ ಗಾಡಿಯ ಹೇರು ತಪ್ಪುವುದು ದುರಾಸೆಯಿಂದಲ್ಲ, ಪ್ರೀತಿಯಿಂದ. ಆದ್ದರಿಂದ ಹೊರಡುವ ಮುಂಚೆ ಎಲ್ಲ ಬಾಗಿಲು ತೆರೆದು ನೋಡಿ. ಕೊಟ್ಟದ್ದನ್ನು ಬೇಡ ಎನ್ನಬೇಡಿ. ಚಕ್ರಕ್ಕಿಂತ ಮುಂದೆ ಇಡಿ. ನೀರಿನ ಟ್ಯಾಂಕಿ ಖಾಲಿ ಮಾಡಿ. ಮೂತಿಯ ಕೆಳಗೆ ಎರಡು ಸರಪಳಿಯನ್ನು ಅಡ್ಡಡ್ಡ ಹಾಕಿ, ಪಿಕಪ್ಪಿಗೆ ಸಿಕ್ಕಿಸಿದ್ದು ಕಳಚಿದರೂ ಮೂತಿ ನೆಲಕ್ಕೆ ಬೀಳದ ಹಾಗೆ. ಸ್ವಲ್ಪ ದೂರ ಹೋದ ಮೇಲೆ ಇಳಿದು ಚಕ್ರದ ನಡುವಿನ ಗುಬ್ಬಿಗೆ ಕೈ ತಾಗಿಸಿ. ಒಂದು ಬಿಸಿ ಇನ್ನೊಂದು ತಣ್ಣಗಿದ್ದರೆ ಏನೋ ಕೆಟ್ಟಿದೆ. ಹಿಂದೆ ಬಸ್ಸುಗಳು ಸಾಲುಗಟ್ಟಿದರೆ ಬದಿಗೆ ನಿಂತು ಹೋಗಲು ಬಿಡಿ. ಈಗ ಹಿಂದೆ ನೋಡಲು ಕ್ಯಾಮೆರಾ ಬಂದಿದೆ, ಟ್ರೈಲರಿನ ಬ್ರೇಕನ್ನೇ ಬೇರೆಯಾಗಿ ಹಿಡಿಯುವ ಗುಂಡಿ ಬಂದಿದೆ. ಎರಡೂ ಒಳ್ಳೆಯದು. ಆದರೂ ಇಳಿದು ಕೈ ತಾಗಿಸಿ.

ಇನ್ನು ಕಡಬದ ಸಂಗತಿ.

ಕಡಬದಿಂದಾಚೆ ಒಂದು ರಬ್ಬರ್ ಗುಡ್ಡದಲ್ಲಿ ಜೀಪಿನವರು ಕೆಸರಾಟ ಇಟ್ಟುಕೊಂಡಿದ್ದರು. ಕ್ಯಾಂಪರೂ ಬೇಕು, ಎಟಿವಿಗಳೂ ಬೇಕು. ನಮ್ಮಲ್ಲಿದ್ದ ಎರಡು ಪಿಕಪ್ಪುಗಳಲ್ಲಿ ಒಂದರ ಕ್ಲಚ್ ಹೋಗಿ ಅದು ವರ್ಕ್‌ಶಾಪಿನಲ್ಲಿತ್ತು. ನಾನು ಎರಡು ಸಲ ಹೋಗಿ ಬರೋಣ ಎಂದೆ. ಪದ್ಮನಾಭಣ್ಣ ಫೋನಿನಲ್ಲಿ ಒಂದು ವಿದೇಶದ ವಿಡಿಯೋ ತೋರಿಸಿದರು. ನೇರವಾದ, ಅಗಲವಾದ ರಸ್ತೆ. ಒಂದು ದೊಡ್ಡ ಪಿಕಪ್ಪು, ಅದರ ಹಿಂದೆ ಕ್ಯಾಂಪರ್, ಕ್ಯಾಂಪರಿನ ಹಿಂದೆ ಮತ್ತೊಂದು ಟ್ರೈಲರಿನಲ್ಲಿ ದೋಣಿ. ಅಲ್ಲಿಯೂ ಕೆಲವು ಕಡೆ ಮಾತ್ರ ಬಿಡುತ್ತಾರೆ, ಅದಕ್ಕೆಂದೇ ಕಟ್ಟಿದ ಕ್ಯಾಂಪರ್ ಬೇಕು, ನಮ್ಮಲ್ಲಿ ಪಿಕಪ್ಪಿನ ಹಿಂದೆ ಒಂದೇ ಟ್ರೈಲರ್ ಎಂದು ವಿವರಿಸಿದೆ. ಅವರು "ಹೂಂ" ಎಂದರು. ಒಪ್ಪಿದರು ಎಂದುಕೊಂಡೆ.

ಹೊರಡುವ ಬೆಳಿಗ್ಗೆ ಶೆಡ್ಡಿಗೆ ಬಂದು ಗಾಡಿಗೆ ಸುತ್ತು ಬರುವಾಗ ಕ್ಯಾಂಪರಿನ ಬೆನ್ನಿನಲ್ಲಿ ಒಂದು ಕೊಕ್ಕೆ ಕಂಡಿತು. ಹೊಸ ಬೆಸುಗೆ. ಬಣ್ಣ ಇನ್ನೂ ಕೈಗೆ ಅಂಟುತ್ತಿತ್ತು.

"ಇದೇನು?"

"ಕೊಕ್ಕೆ" ಎಂದರು ಪದ್ಮನಾಭಣ್ಣ. "ಗಟ್ಟಿ ಉಂಟು. ಆನೆ ಕಟ್ಟಿದ್ರೂ ಬಿಡುದಿಲ್ಲ."

"ಆನೆ ಕಟ್ಟಿ. ಟ್ರೈಲರ್ ಬೇಡ."

"ನೋಡು ಮಾರಾಯ್ತಿ, ನೀನು ಎರಡು ಸಲ ಹೋಗಿ ಬರುವಾಗ ಅವರು ಕೆಸರಾಟ ಮುಗಿಸಿ ಸ್ನಾನ ಮಾಡಿ ಮನೆಯಲ್ಲಿ ಮಲಗಿರ್ತಾರೆ. ಒಂದು ಸಲ ಎಳಿಲಿ. ನಾನೇ ಕಾರಿನಲ್ಲಿ ಮುಂದೆ ಹೋಗ್ತೇನೆ."

"ಕೊಕ್ಕೆ ಗಟ್ಟಿ ಇರಬಹುದು. ಕೊಕ್ಕೆ ಕೂತಿರುವ ಚೌಕಟ್ಟು ಎಳೆಯಲಿಕ್ಕೆ ಮಾಡಿದ್ದಲ್ಲ. ಹಿಂದೆ ಭಾರ ಬಿದ್ದರೆ ಮುಂದೆ ಮೂತಿ ಏಳ್ತದೆ. ಕಾನೂನಿನಲ್ಲೂ ಇಲ್ಲ. ಏನಾದರೂ ಆದರೆ ಒಳಗೆ ಹೋಗುವುದು ಕುಶಾಲಪ್ಪ, ನೀವಲ್ಲ."

"ನಿನ್ನ ಬಾಯಲ್ಲಿ ಒಳ್ಳೆ ಮಾತೇ ಬರುದಿಲ್ವಾ ಬೆಳಿಗ್ಗೆ ಬೆಳಿಗ್ಗೆ?"

"ನಾನು ಬೇಡ ಅಂದರೆ ಗಾಡಿ ಹೊರಡುವುದಿಲ್ಲ ಎಂದು ನೀವು ಹೇಳಿದ್ದಿರಿ. ಬೇಡ ಎನ್ನುತ್ತಿದ್ದೇನೆ."

ಅವರು ನನ್ನನ್ನು ಬಿಟ್ಟು ಕುಶಾಲಪ್ಪನ ಕಡೆ ತಿರುಗಿದರು. "ಕುಶಾಲ, ಹಿಂದಿನದ್ದು ಕಟ್ಟು."

ಕುಶಾಲಪ್ಪ ನನ್ನನ್ನೂ ನೋಡಲಿಲ್ಲ, ಅವರನ್ನೂ ನೋಡಲಿಲ್ಲ. ಕಟ್ಟಲು ಹೋದರು.

ಪಿಕಪ್ಪಿನ ಹಿಂದೆ ಟ್ರೈಲರಿನ ಮೂತಿ ಕೂರುವ ಉಕ್ಕಿನ ಗುಂಡು ಒಂದಿರುತ್ತದೆ. ಪಿನ್ನು ಎಳೆದರೆ ಹಿಡಿಯ ಸಮೇತ ಹೊರಗೆ ಬರುತ್ತದೆ. ಅದಿಲ್ಲದೆ ಏನನ್ನೂ ಎಳೆಯಲಾಗದು. ಕ್ಯಾಂಪರನ್ನು ಇನ್ನೂ ಪಿಕಪ್ಪಿಗೆ ಸಿಕ್ಕಿಸಿರಲಿಲ್ಲ. ನಾನು ಪಿನ್ನು ಎಳೆದೆ, ಗುಂಡನ್ನು ನನ್ನ ಚೀಲದಲ್ಲಿ ಬುತ್ತಿಯ ಪಕ್ಕ ಇಟ್ಟುಕೊಂಡೆ, ಬಸ್ ನಿಲ್ದಾಣಕ್ಕೆ ನಡೆದೆ. ಹಿಂದಿನಿಂದ ಪದ್ಮನಾಭಣ್ಣ ತುಳುವಿನಲ್ಲಿ ಏನೇನೋ ಹೇಳಿದರು. ಬರೆಯುವಂಥದ್ದಲ್ಲ.

ನಮ್ಮ ಊರಿಗೆ ಹೋಗುವ ಬೆಳ್ಳಾರೆ ಬಸ್ಸಿನಲ್ಲಿ ಕಂಡಕ್ಟರ್ ಚೀಲ ಸರಿಸಲು ಹೋಗಿ, "ಎಂತ ಅಕ್ಕ, ಕಲ್ಲು ಹೊತ್ಕೊಂಡು ಹೋಗ್ತಿದ್ದೀರಾ?" ಎಂದ. "ಕೆಲಸ" ಎಂದೆ. ಮನೆಯಲ್ಲಿ ಗುಂಡನ್ನು ಮೇಜಿನ ಮೇಲಿಟ್ಟೆ. ಅದನ್ನು ನೋಡಿಯೂ ಅಮ್ಮ ಏನೂ ಕೇಳಲಿಲ್ಲ. ಮಾತು ಕಡಿಮೆ ಇರುವುದು ನಮ್ಮ ಮನೆಯ ಗುಣ.

ಆವತ್ತು ಸಂಜೆ ಫೋನಿಗೆ ಒಂದು ಫೋಟೋ ಬಂತು. ರಬ್ಬರ್ ತೋಟ, ಕ್ಯಾಂಪರ್, ಅದರ ಬೆನ್ನಿಗೆ ಎಟಿವಿ ಟ್ರೈಲರ್, ಮುಂದೆ ಸೊಂಟಕ್ಕೆ ಕೈ ಇಟ್ಟು ನಿಂತ ಪದ್ಮನಾಭಣ್ಣ. ಜೀಪಿನವರಿಂದ ಇನ್ನೊಂದು ಗುಂಡನ್ನು ಶೆಡ್ಡಿಗೆ ತರಿಸಿಕೊಂಡಿದ್ದರಂತೆ. ಕೆಳಗೆ ಬರೆದಿದ್ದರು: "ಎಂತದೂ ಆಗ್ಲಿಲ್ಲ."

ಈ ಕೆಲಸದಲ್ಲಿ ನಿಮ್ಮ ಎದುರು ನಿಲ್ಲುವುದು ಅಪಘಾತಕ್ಕಿಂತ ಹೆಚ್ಚಾಗಿ ಈ ಮಾತು. ಅಪಘಾತವಾದರೆ ಎಲ್ಲರೂ ನಿಮ್ಮ ಕಡೆ ಬರುತ್ತಾರೆ. ಏನೂ ಆಗದಿದ್ದಾಗ ನೀವು ಒಬ್ಬರೇ. ಆ ಸಂಜೆ ನಾನು ಒಬ್ಬಳೇ ಇದ್ದೆ, ಮತ್ತು ನನ್ನ ಅಭಿಪ್ರಾಯ ಬೆಳಿಗ್ಗೆ ಇದ್ದದ್ದೇ ಇತ್ತು.

ಆಟ ಮುಗಿದ ಮರುದಿನ ಬೆಳಿಗ್ಗೆ ಕುಶಾಲಪ್ಪನ ಫೋನು ಬಂತು.

"ಮೇಡಂ, ನಮ್ಮ ಗುಂಡು ನಿಮ್ಮತ್ರ ಉಂಟಲ್ಲ? ತಕ್ಕೊಂಡು ಬನ್ನಿ. ಕಡಬ ಪೇಟೆಗೆ ಮೊದಲು, ಇಳಿಜಾರು ಶುರು ಆಗುವಲ್ಲಿ ಇದ್ದೇನೆ. ಹಿಂದಿನದ್ದು ಬಿಚ್ಚಿ ಬದಿಗೆ ಹಾಕಿದ್ದೇನೆ. ಸಾಲ ತಂದ ಗುಂಡು ಸಡಿಲ, ಅದರಲ್ಲಿ ಕ್ಯಾಂಪರೂ ಬೇಡ."

"ಧಣಿಗಳು?"

"ಕಾರಲ್ಲಿ ಮುಂದೆ ಹೋದ್ರು. ಇನ್ನೂ ಗೊತ್ತಾಗ್ಲಿಲ್ಲ."

ಪಂಜದ ದಾರಿಯಾಗಿ ಬಸ್ಸು ಬದಲಿಸಿ ಹೋದೆ. ಕುಶಾಲಪ್ಪ ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿದ್ದರು. ಗಾಡಿಯ ಚಕ್ರಗಳಿಗೆಲ್ಲ ಕಲ್ಲು ಇಟ್ಟಿದ್ದರು, ನಾನು ಹೇಳಿಕೊಟ್ಟ ಹಾಗೆಯೇ. ಕೇಳುವ ಮೊದಲೇ ಅವರೇ ಹೇಳಿದರು.

"ಹೋಗುವಾಗ ಕಾಣಿಯೂರು ದಾಟಿ ಒಂದು ಇಳಿಜಾರು ಉಂಟಲ್ಲ, ಅಲ್ಲಿ ಹಿಂದಿನದ್ದು ಬೀಸಿತು. ಆಚೆ ಬದಿಗೇ ಹೋಯ್ತು ಮೇಡಂ, ಪೂರ್ತಿ. ಎದುರಿಂದ ಶಾಲೆಯ ವ್ಯಾನು. ಅವನು ಚರಂಡಿಗೆ ಇಳಿಸಿ ನಿಲ್ಲಿಸಿದ. ಇಲ್ಲದಿದ್ರೆ..." ಚಕ್ರದ ಕಲ್ಲನ್ನು ಕಾಲಿನಿಂದ ಒತ್ತಿ ನೋಡಿದರು. "ಕಿಟಕಿಯಲ್ಲಿ ಮಕ್ಕಳು ಕೈ ಬೀಸಿದ್ರು. ಬಾಲ ಆಡಿಸಿದ್ದು ಆಟ ಅಂತ ಎಣಿಸಿ. ನಗಾಡ್ತಾ ಕೈ ಬೀಸಿದ್ರು."

"ಧಣಿಗಳಿಗೆ ಹೇಳಿದಿರಾ?"

"ಅವರು ಫೋಟೋ ತೆಗೆಸಿಕೊಳ್ತಾ ಇದ್ರು." ಆಮೇಲೆ ನನಗೆ ಹೇಳಿದ್ದಲ್ಲ ಎಂಬಂತೆ, ತಮ್ಮ ಮನೆಮಾತಿನಲ್ಲಿ, "ನಂಗೆ ಇದ್ ಬೊತ್ತ್" ಎಂದರು. ತನಗೆ ಇದು ಬೇಡ ಎಂದು.

ನನ್ನ ಮನೆಮಾತೂ ಸುಳ್ಯ ಕಡೆಯ ಆ ಅರೆಭಾಷೆಯೇ. ಕೆಲಸದಲ್ಲಿ ಅದನ್ನು ಒಮ್ಮೆಯೂ ಆಡಿರಲಿಲ್ಲ. ಮನೆಯದು ಮನೆಯಲ್ಲಿರಲಿ ಎಂದು. "ನಂಗೂ ಬೊತ್ತ್" ಎಂದೆ. ಅವರು ತಲೆಯೆತ್ತಿ ನೋಡಿದರು. ಇಷ್ಟು ವರ್ಷ ಹೇಳಲೇ ಇಲ್ಲವಲ್ಲ ಎಂದು ಕೇಳಲಿಲ್ಲ. ಅದಕ್ಕೆ ನಾನು ಅವರಿಗೆ ಋಣಿ.

ಅಷ್ಟರಲ್ಲಿ ಪದ್ಮನಾಭಣ್ಣನ ಕಾರು ಹಿಂದೆ ಬಂತು. ಇಳಿದವರೇ ಬಿಚ್ಚಿದ ಟ್ರೈಲರ್ ನೋಡಿದರು, ನನ್ನನ್ನು ನೋಡಿದರು.

"ಓಹೋ, ಇವಳು ಬಂದಾಯ್ತಾ? ಕುಶಾಲ, ಬರುವಾಗ ಎಳೆದದ್ದು ಹೋಗುವಾಗ ಎಳಿಲಿಕ್ಕೆ ಎಂತ ದಾಡಿ? ಹೆದರಿಕೆಯಾ? ಮೀಸೆ ತೆಗೆದು ಕೊಡು ಮಾರಾಯ."

ಕುಶಾಲಪ್ಪ ಒಳಕಿಸೆಗೆ ಕೈ ಹಾಕಿ ಲೈಸೆನ್ಸ್ ತೆಗೆದು ಅವರ ಮುಂದೆ ಹಿಡಿದರು. "ತಕ್ಕೊಳ್ಳಿ, ನೀವೇ ಓಡಿಸಿ. ಗಾಡಿ ನಿಮ್ಮದು, ಕೊಕ್ಕೆ ನಿಮ್ಮದು. ಇದ್ರಲ್ಲಿ ಫೋಟೋ ಮಾತ್ರ ನನ್ನದು. ಪೊಲೀಸರು ಅದನ್ನೇ ನೋಡುದು."

ಪದ್ಮನಾಭಣ್ಣ ಲೈಸೆನ್ಸ್ ಮುಟ್ಟಲಿಲ್ಲ. ಕುಶಾಲಪ್ಪ ವ್ಯಾನಿನ ಸಂಗತಿ ಹೇಳಿದರು. ಮಕ್ಕಳು ಕೈ ಬೀಸಿದ್ದನ್ನೂ ಹೇಳಿದರು. ಪದ್ಮನಾಭಣ್ಣ ಇಳಿಜಾರನ್ನು ನೋಡುತ್ತ ನಿಂತರು. ಅವರ ಮೊಮ್ಮಗಳು ಶಾಲೆಗೆ ಹೋಗುವುದು ಅಂಥದೇ ವ್ಯಾನಿನಲ್ಲಿ.

"ಎರಡು ಸಲ ಹೋಗಿ ಬನ್ನಿ" ಎಂದರು ಕೊನೆಗೆ. "ನಾನು ಇಲ್ಲಿ ಟ್ರೈಲರ್ ಕಾಯ್ತೇನೆ."

ಗುಂಡು ಹಾಕಿದೆವು, ಕ್ಯಾಂಪರ್ ಒಯ್ದೆವು, ಟ್ರೈಲರ್ ಒಯ್ಯಲು ಹಿಂದೆ ಬಂದೆವು. ಅಷ್ಟು ಹೊತ್ತೂ ಅವರು ಅಲ್ಲೇ ಇದ್ದರು. ಮರುದಿನ ಕೊಕ್ಕೆಯನ್ನು ಅವರೇ ಕತ್ತರಿಸಲು ಹೇಳಿದರು. ಕ್ಯಾಂಪರಿನ ಬೆನ್ನಿನಲ್ಲಿ ಆ ಗಾಯ ಈಗಲೂ ಉಂಟು. ಅದಾದ ಮೇಲೆ ನಾನು ಬಿಡುವವರೆಗೂ ಬೇಡ ಎನ್ನುವ ಮಾತು ನನ್ನ ಬಳಿಯೇ ಇತ್ತು.

ಬಿಟ್ಟ ಮೇಲೆ ಅದು ಎಲ್ಲಿ ಹೋಗುತ್ತದೆ ಎಂಬುದೊಂದೇ ನನ್ನ ಚಿಂತೆಯಾಗಿತ್ತು. ಬರಿಯ ಬಾಯಿಮಾತು, ಅದನ್ನು ಪಡೆದವಳು ಮನೆಯಲ್ಲಿ ಬೆನ್ನಿಗೆ ದಿಂಬು ಕೊಟ್ಟು ಕೂತಿದ್ದಾಳೆ.

ಮೊನ್ನೆ ಬೆಳಿಗ್ಗೆ ಪದ್ಮನಾಭಣ್ಣನ ಫೋನು ಬಂತು.

"ನೀನೊಂದು ಮಾತು ಹೇಳ್ಬೇಕು ಮಾರಾಯ್ತಿ. ಮದುವೆಗೆ ಕ್ಯಾಂಪರ್ ಹೋಗ್ಬೇಕು. ಒಂದು ದೀಪ ಉರಿಯುದಿಲ್ಲ, ಒಂದೇ ಒಂದು, ಎಡಬದಿಯದ್ದು. ಹಗಲು ಹೋಗುದು, ದೀಪ ಎಂತಕ್ಕೆ? ಕುಶಾಲ ಹೊರಡುದಿಲ್ಲ ಅಂತಾನೆ."

"ಅವರು ಬೇಡ ಅಂದರೆ ಬೇಡ. ದೀಪ ಸರಿ ಮಾಡಿಸಿ."

"ಮಾಡಿಸ್ತೇನೆ, ನಾಳೆ ಮಾಡಿಸ್ತೇನೆ. ಈಗ ಬೇರೆಯವನನ್ನು ಕರೆದು ಕಳಿಸುವ ಅಂದ್ರೆ ಕುಶಾಲ ಗುಂಡನ್ನೇ ತೆಗೆದು ಚೀಲಕ್ಕೆ ಹಾಕಿ ಬಸ್ ಸ್ಟ್ಯಾಂಡಿಗೆ ಹೋಗಿದ್ದಾನೆ!"

"ಯಾವ ಬಸ್ಸು?"

"ಎಂತ?"

"ಯಾವ ಬಸ್ಸು ಹತ್ತಿದರು ಎಂದು ಕೇಳಿದೆ."

"ಬೆಳ್ಳಾರೆಯದ್ದು" ಎಂದರು ಪದ್ಮನಾಭಣ್ಣ.

ನಾನು ಫೋನಿಟ್ಟು ಚಹಾಕ್ಕೆ ನೀರಿಟ್ಟೆ. ಮೇಜಿನ ಮೇಲೆ ಗುಂಡಿಡಲು ಜಾಗ ಮಾಡಿದೆ.